ಅಕ್ಷರ ಎಂಟು, ಬೈಟು ಮೂವತ್ತಮೂರು

ಲಿನಕ್ಸ್ ಇರುವ ಪ್ರಯೋಗಾಲಯದಲ್ಲಿ ಕಪ್ಪು ಪರದೆಯ ಮೇಲೆ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವುದನ್ನು ನೀವು ಕಲಿತಿರಬಹುದು, ಇಲ್ಲವೇ ಕಲಿಸಿರಬಹುದು. ಇಂಥ ಕಮಾಂಡ್ ಲೈನ್ ಸಲಕರಣೆಗಳು ಕೊಡುವ ಉತ್ತರ ಬರಿಯ ಪಠ್ಯ. ಅದರಲ್ಲಿ ಕೋಷ್ಟಕದ ಕಂಬಸಾಲುಗಳು ನೆಟ್ಟಗೆ ನಿಲ್ಲುವುದು ಖಾಲಿ ಜಾಗಗಳ ಲೆಕ್ಕದಿಂದ ಮಾತ್ರ. ಇಂಗ್ಲಿಷಿಗೆ ಸರಿಹೋಗುವ ಈ ಲೆಕ್ಕ ಕನ್ನಡ ಬಂದೊಡನೆ ಕೆಡುತ್ತದೆ.

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ರಾಜಗೋಪಾಲನಗರದಲ್ಲಿ ಒಂದು ಚಿಕ್ಕ ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಬಿಡಿಭಾಗಗಳ ಪಟ್ಟಿಯಲ್ಲಿ ಮೊದಲು ಬಡಾವಣೆಯ ಹೆಸರು, ಆಮೇಲೆ ಬೇಡಿಕೆ, ಕೊನೆಗೆ ರವಾನೆ. ಹೆಸರಿಗೆ 24 ಸ್ಥಾನ ಮೀಸಲಿಡುವಂತೆ 'ಪ್ರಿಂಟ್‌ಎಫ್' ಆದೇಶಕ್ಕೆ ಹೇಳಿದ್ದೀರಿ. ರಾಜಗೋಪಾಲನಗರದ ಮುಂದೆ ಒಂದೂ ಖಾಲಿ ಜಾಗ ಬೀಳದೆ ಸಂಖ್ಯೆ ಹೆಸರಿಗೇ ಅಂಟಿಕೊಳ್ಳುತ್ತದೆ. ಲಗ್ಗೆರೆಯ ಮುಂದೆ 3, ಪೀಣ್ಯದ ಮುಂದೆ 9 ಜಾಗ ಬೀಳುತ್ತವೆ. ಪೀಣ್ಯಕ್ಕೆ 45ರ ಬೇಡಿಕೆ ಇದ್ದು ರವಾನೆ ಇನ್ನೂ ಆಗಿಲ್ಲದಿದ್ದರೆ, ಆ 45 ಲಗ್ಗೆರೆಯ ರವಾನೆಯ ನೇರಕ್ಕೆ ಬಂದು ಕೂರಬಹುದು. ನೋಡಿದವರು ಮಾಲು ಹೋಗಿದೆ ಎಂದೇ ಓದುತ್ತಾರೆ. ಹೆಸರಿನ ಮುಂದೆ ಅಂಕಗಳಿರುವ ಶಾಲೆಯ ಪಟ್ಟಿಗೂ ಇದೇ ಅಪಾಯ.

ಏಕೆ ಹೀಗೆ? 1978ರಲ್ಲಿ ಬಂದ ವಿಟಿ100 ಟರ್ಮಿನಲ್ಲಿನ ಪರದೆಯಲ್ಲಿ ಸಾಲಿಗೆ 80 ಮನೆಗಳಂತೆ 24 ಸಾಲುಗಳಿದ್ದವು. ಆಸ್ಕಿ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು, ಪರದೆಯಲ್ಲಿ ಒಂದು ಮನೆ. ಮೂರೂ ಒಂದೇ ಆಗಿದ್ದರಿಂದ ಯಾವುದನ್ನು ಎಣಿಸಿದರೂ ನಡೆಯುತ್ತಿತ್ತು. ಕನ್ನಡದಲ್ಲಿ ಮೂರೂ ಬೇರೆ ಬೇರೆ. 'ರಾಜಗೋಪಾಲನಗರ' ನಮ್ಮ ಎಣಿಕೆಯಲ್ಲಿ 8 ಅಕ್ಷರ. ಯುನಿಕೋಡ್ ದೀರ್ಘ, ಓತ್ವಗಳನ್ನು ಬೇರೆ ಸಂಕೇತಗಳಾಗಿ ಎಣಿಸುವುದರಿಂದ ಅದಕ್ಕೆ 11. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಅಲ್ಲಿಗೆ 33. 'ಪೀಣ್ಯ' 2 ಅಕ್ಷರ, 5 ಸಂಕೇತ, 15 ಬೈಟು. 'ಪ್ರಿಂಟ್‌ಎಫ್' ಎಣಿಸಿದ್ದು ಬೈಟುಗಳನ್ನು!

ಪೈಥಾನ್ ಭಾಷೆ ಸಂಕೇತಗಳನ್ನು ಎಣಿಸುತ್ತದೆ. ಇದು ವಾಸಿ, ಆದರೆ ಸಾಲದು. ಯುನಿಕೋಡ್ ಕೋಷ್ಟಕದಲ್ಲಿ ದೀರ್ಘದ ಚಿಹ್ನೆ ಜಾಗ ತೆಗೆದುಕೊಳ್ಳುವ ಗುಂಪಿಗೆ ಸೇರಿದರೆ, ಗುಡಿಸು ಜಾಗ ಬೇಡದ ಗುಂಪಿಗೆ ಸೇರಿದೆ. ಬಳ್ಳಿ ಕಲಿತ ಮಗುವಿಗೆ ಕಾ ಮತ್ತು ಕಿ ಒಂದೇ ಸಾಲಿನ ಗುಣಿತಾಕ್ಷರಗಳು, ಟರ್ಮಿನಲ್ಲಿಗೆ ಹಾಗಲ್ಲ. ಒತ್ತಕ್ಷರಕ್ಕೆ ಎಷ್ಟು ಮನೆ ಎಂಬುದರಲ್ಲಿ ಟರ್ಮಿನಲ್ ಟರ್ಮಿನಲ್ಲಿಗೂ ವ್ಯತ್ಯಾಸವಿದೆ.

ಹಾಗಾದರೆ ಉಪಾಯ? ಅಗಲವನ್ನು ಕರಾರುವಾಕ್ಕಾಗಿ ಎಣಿಸಲು ಹೆಣಗುವುದಕ್ಕಿಂತ, ಎಣಿಸುವ ಪ್ರಮೇಯವೇ ಬಾರದಂತೆ ಮಾಡುವುದು ಲೇಸು. ಕಡತಗಳ ವಿವರ ಕೊಡುವ 'ಎಲ್‌ಎಸ್' ಆದೇಶದ ಉದ್ದ ಪಟ್ಟಿಯನ್ನು ಗಮನಿಸಿ: ಗಾತ್ರ, ದಿನಾಂಕಗಳೆಲ್ಲ ಮೊದಲು, ಹೆಸರು ಕಟ್ಟಕಡೆಗೆ. ಹೆಸರಿನ ನಂತರ ಏನೂ ಇಲ್ಲದಿದ್ದರೆ ಅದು ಎಷ್ಟು ಅಗಲವಾದರೂ ಯಾವ ಕಂಬಸಾಲೂ ಕದಲುವುದಿಲ್ಲ. ನಮ್ಮ ಪಟ್ಟಿಯನ್ನೂ ಬೇಡಿಕೆ, ರವಾನೆ, ಬಡಾವಣೆ ಎಂದು ತಿರುಗಿಸಿ ಬರೆಯೋಣ:

120  100  ರಾಜಗೋಪಾಲನಗರ
 45    -  ಪೀಣ್ಯ
300  300  ಲಗ್ಗೆರೆ

ಬಿಡಿ, ಹತ್ತು, ನೂರು ತಮ್ಮ ತಮ್ಮ ಸ್ಥಾನದಲ್ಲಿ ಕೂರುವಂತೆ ಸಂಖ್ಯೆಗಳನ್ನು ಬಲಕ್ಕೆ ಸರಿಸಿದೆ. ಮಾಹಿತಿ ಇಲ್ಲದಲ್ಲಿ ಖಾಲಿ ಬಿಡದೆ ಗೆರೆ ಹಾಕಿದೆ. ಈ ಚಿಕ್ಕ ಗೆರೆಯ ಉಪಕಾರ ದೊಡ್ಡದು: ಸಾಲು ಅಲುಗಿದರೂ ಯಾವ ಸಂಖ್ಯೆ ಯಾವುದೆಂದು ತಿಳಿಯುತ್ತದೆ, ಇನ್ನೊಂದು ಪ್ರೋಗ್ರಾಮ್ ಇದನ್ನು ಓದುವುದಾದರೂ ಎಡವುವುದಿಲ್ಲ. ದೋಷ ಸಂದೇಶಗಳನ್ನು ಪಟ್ಟಿಯೊಳಗೆ ಬೆರೆಸದೆ ಅವುಗಳಿಗೆಂದೇ ಇರುವ ಬೇರೆ ಹೊರದಾರಿಗೆ ಕಳುಹಿಸಬೇಕು. ಬಣ್ಣ ಪರದೆಗೆ ಮಾತ್ರ ಸಾಕು. ಕಡತಕ್ಕೆ ಹೋದರೆ ಅದರ ಸಂಕೇತಗಳು ಕಸವಾಗಿ ಉಳಿಯುತ್ತವೆ.

ನಿಮ್ಮ ಊರಿನ ಹೆಸರನ್ನೇ ಪರೀಕ್ಷಿಸಿ ನೋಡಿ. 'ಎಕೋ' ಆದೇಶದ ಉತ್ತರವನ್ನು 'ಡಬ್ಲ್ಯುಸಿ'ಗೆ ಕೊಟ್ಟರೆ ಸಿ ಆಯ್ಕೆ ಬೈಟುಗಳನ್ನೂ, ಎಂ ಆಯ್ಕೆ ಸಂಕೇತಗಳನ್ನೂ ಎಣಿಸುತ್ತದೆ. ರಾಜಗೋಪಾಲನಗರಕ್ಕೆ 34 ಮತ್ತು 12 ಬರುತ್ತವೆ. ಹೆಚ್ಚಿನ ಒಂದು, ಸಾಲಿನ ಕೊನೆಗೆ 'ಎಕೋ' ಸೇರಿಸುವ ಗುರುತಿನದು. 8 ಎಂಬ ಉತ್ತರಕ್ಕೆ ಮಾತ್ರ ನೀವೇ ಬೆರಳು ಮಡಿಸಬೇಕು.