ನಲವತ್ತೆರಡನೆಯ ದಿನದ ಅನಂತರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಆಸ್ಪತ್ರೆಯ ಹೆರಿಗೆ ಮುಗಿಸಿ ಬಾಣಂತಿ ಮನೆಗೆ ಬಂದಳೆಂದರೆ, ಆಶಾ ಕಾರ್ಯಕರ್ತೆಯು ಮೂರನೆಯ ದಿನದಿಂದ ಮೊದಲ್ಗೊಂಡು ನಲವತ್ತೆರಡನೆಯ ದಿನದವರೆಗೆ ಆರು ಸಲ ಬಂದು ಕೂಸಿನ ತೂಕ, ಮೈಶಾಖ, ಹೊಕ್ಕುಳು, ಎದೆಹಾಲು ಇವನ್ನೆಲ್ಲ ವಿಚಾರಿಸಬೇಕೆಂಬುದು ನಿಯಮ. ಆದರೆ ಶಿಶುರೋದನವು ಪರಾಕಾಷ್ಠೆಗೇರುವುದು ಆರರಿಂದ ಎಂಟನೆಯ ವಾರದಲ್ಲಿ. ಎಂದರೆ, ಆ ಭೇಟಿಗಳು ಮುಗಿಯುವ ಹೊತ್ತಿಗೆ.

ಹಾಲುಂಡೂ, ಜ್ವರವಿಲ್ಲದೆಯೂ, ಸಂಜೆಯಿಂದ ನಡುರಾತ್ರಿಯವರೆಗೆ ಕಾರಣವೇ ಕಾಣದಂತೆ ಅಳುವ ಹಸುಗೂಸನ್ನು, ನಿದ್ರೆಗೆಟ್ಟ ಹಿರಿಯರೊಬ್ಬರು ಸೈರಣೆ ತಪ್ಪಿದ ಕ್ಷಣದಲ್ಲಿ ರಟ್ಟೆ ಹಿಡಿದು ಬಲವಾಗಿ ಕುಲುಕಿದರೆ, ಮೈಗೆ ಮೀರಿದ ಭಾರವುಳ್ಳ ಅದರ ತಲೆ ಎಳೆಯ ಕತ್ತಿನ ಮೇಲೆ ಹಿಂದುಮುಂದಾಗಿ ಹೊಯ್ದಾಡಿ, ಮಿದುಳಿಗೂ ಅದರ ಹೊದಿಕೆಗೂ ನಡುವಣ ಸೂಕ್ಷ್ಮ ಸಿರೆಗಳು ಹರಿದು ನೆತ್ತರು ಮಡುಗಟ್ಟುತ್ತದೆ. ಎಷ್ಟೋ ಸಲ ಹೊರಮೈಯಲ್ಲಿ ಒಂದು ತರಚುಗಾಯವೂ ಕಾಣದು. ತೊಟ್ಟಿಲು ತೂಗುವುದರಿಂದಲಾಗಲಿ ತೊಡೆಯ ಮೇಲೆ ಆಡಿಸುವುದರಿಂದಲಾಗಲಿ ಇಂಥ ಅನಾಹುತವಾಗದೆಂಬುದನ್ನು ತಾಯಂದಿರ ಸಮಾಧಾನಕ್ಕಾಗಿ ಇಲ್ಲಿಯೇ ಹೇಳಿಬಿಡಬೇಕು. ಇಂಗ್ಲೆಂಡಿನ ನರಶಸ್ತ್ರವೈದ್ಯ ನಾರ್ಮನ್ ಗಥ್‌ಕೆಲ್ಚ್ 1971ರಲ್ಲಿ ಈ ಕಾರ್ಯಕಾರಣ ಸಂಬಂಧವನ್ನು ಸೂಚಿಸಿದರು; ರಕ್ತಸ್ರಾವ ಕಂಡಲ್ಲೆಲ್ಲ ಹಿಂಸೆಯೆಂದೇ ನಿರ್ಣಯಿಸಲಾಗದೆಂದು ಮುಪ್ಪಿನಲ್ಲಿ ಎಚ್ಚರಿಸಿದವರೂ ಅವರೇ. ‘ಕೆ’ ಜೀವಸತ್ವದ ಕೊರತೆಯಿಂದಲೂ ಮಿದುಳಿನಲ್ಲಿ ರಕ್ತ ಸೋರುವುದುಂಟಾದುದರಿಂದ, ಪರೀಕ್ಷಿಸದೆ ಮನೆಯವರ ಮೇಲೆ ದೋಷ ಹೊರಿಸುವುದು ಅನ್ಯಾಯ.

ಜೀವ ಉಳಿಯಿತೆಂದು ನೆಮ್ಮದಿಗೊಂಡ ಮನೆಗೆ ದೀರ್ಘಕ್ಲೇಶ ಒದಗುವುದು ಆಮೇಲೆ. ಮೂರ್ಛೆರೋಗ, ಕೈಕಾಲುಗಳ ಬಿಗಿತ, ಕಣ್ಣು ನೆಟ್ಟಗಿದ್ದೂ ಮಿದುಳಿನ ಹಾನಿಯಿಂದ ಉಂಟಾಗುವ ಅಂಧತ್ವ ಇವು ಬೇಗನೆ ಗೊತ್ತಾಗುತ್ತವೆ. ಆದರೆ ವಿವೇಚನೆಗೂ ಸಂಯಮಕ್ಕೂ ಆಧಾರವಾದ ಮುಮ್ಮಿದುಳು ಪಕ್ವವಾಗಲು ಬಹು ವರ್ಷಗಳು ಬೇಕಾದುದರಿಂದ, ನಗುತ್ತ ನಡೆಯುತ್ತ ಬೆಳೆದ ಮಗುವಿನಲ್ಲಿಯೂ ಶಾಲೆಗೆ ಸೇರಿದ ಅನಂತರವೇ ಆ ಪೆಟ್ಟಿನ ಫಲ ತೋರಬಹುದು: ಗಮನ ನಿಲ್ಲದು, ಕಲಿತದ್ದು ಉಳಿಯದು, ಕೋಪ ಹಿಡಿತಕ್ಕೆ ಬಾರದು. ಮಾಸ್ತರು ಅದನ್ನು ಹಟವೆನ್ನುತ್ತಾರೆ, ಮನೆಯವರು ದಡ್ಡತನವೆನ್ನುತ್ತಾರೆ. ಮಗು ಏಟು ತಿನ್ನುತ್ತದೆ. ಇದಕ್ಕಿಂತ ದಾರುಣವಾದುದು ನನಗೆ ತೋರದು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 2013ರಿಂದ ಇದೆ. ಆದರೆ ಗುಳೆ ಹೊರಟ ಕುಟುಂಬದ ಮಗು ಅದರ ಕಣ್ಣಿಗೆ ಬೀಳುವುದೇ ದುರ್ಲಭ, ಬಿದ್ದರೂ ಶೈಶವದ ಆ ರಾತ್ರಿಯನ್ನು ವೈದ್ಯರಿಗೆ ತಿಳಿಸುವವರಿರುವುದಿಲ್ಲ.

ಆದುದರಿಂದ ನಲವತ್ತೆರಡನೆಯ ದಿನದ ಭೇಟಿಯಲ್ಲಿ ಆಶಾ ಕಾರ್ಯಕರ್ತೆ ತಾಯಿಗೆ ಮಾತ್ರವಲ್ಲ, ತಂದೆಗೂ ಅಜ್ಜಿಗೂ ಹೇಳಿಹೋಗಬೇಕು: ಅಳು ಇನ್ನೂ ಕೆಲವು ವಾರ ಹೀಗೆಯೇ ಇದ್ದು ಮೂರ್ನಾಲ್ಕು ತಿಂಗಳಿಗೆ ತಗ್ಗುವುದು; ತಾಳ್ಮೆ ಕೆಟ್ಟಿತೆನಿಸಿದಾಗ ಕೂಸನ್ನು ಅಂಗಾತ ಮಲಗಿಸಿ, ಹೊರಗೆ ಜಗಲಿಗೆ ಹೋಗಿ ಕೂತು, ನೆರೆಯವರನ್ನು ಕರೆಯಿರಿ; ಕುಲುಕಿಬಿಟ್ಟಿದ್ದರೆ, ಮಗು ಮಂಕಾಗಲಿ ಆಗದಿರಲಿ, ಮುಚ್ಚಿಡದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೊಯ್ದು ನಡೆದುದನ್ನು ನಡೆದಂತೆಯೇ ವೈದ್ಯರಿಗೆ ಹೇಳಿರಿ.