ಡೇಟಾಬೇಸಿನ ಸಂಪರ್ಕವೆಂದರೇನು?

ತಂತ್ರಾಂಶ ರಚಿಸುವ ಉದ್ಯೋಗದಲ್ಲಿರುವ ಹೆಣ್ಣುಮಕ್ಕಳ ತಾಯ್ತಂದೆಗಳು, “ಮಗಳು ದಿನವೆಲ್ಲ ಗಣಕಯಂತ್ರದ ಮುಂದೆ ಮಾಡುವುದಾದರೂ ಏನು?” ಎಂದು ಕೇಳುವುದುಂಟು. ಆ ಕೆಲಸದಲ್ಲಿ ಒಂದು ಸಣ್ಣ ಭಾಗವನ್ನು, ಎಲ್ಲರೂ ಬಲ್ಲ ಪಹಣಿಯ ದೃಷ್ಟಾಂತದಿಂದ, ಇಲ್ಲಿ ತಿಳಿಯಪಡಿಸಲಿಚ್ಛಿಸುತ್ತೇವೆ.

ಪಹಣಿಯು ಹಿಂದೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದಿತು. ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 2002ರ ವೇಳೆಗೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪ್ರತಿ ದೊರೆಯುವಂತೆ ಮಾಡಿತು. ಈಗ ತಾಲ್ಲೂಕಾಗಿರುವ ಅಜ್ಜಂಪುರವು ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದಿತು.

ಕಚೇರಿಯ ಗುಮಾಸ್ತರು ಸರ್ವೆ ನಂಬರನ್ನು ಒತ್ತಿದೊಡನೆ ಪಹಣಿಯು ತೆರೆಯ ಮೇಲೆ ಮೂಡುತ್ತದಷ್ಟೆ. ಆದರೆ ಗುಮಾಸ್ತರ ಮುಂದಿರುವ ತಂತ್ರಾಂಶದೊಳಗೆ ಪಹಣಿಗಳಿರುವುದಿಲ್ಲ. ಅವು ಡೇಟಾಬೇಸ್ ಎಂಬ ಭಂಡಾರದಲ್ಲಿರುತ್ತವೆ. ತಂತ್ರಾಂಶವು ಕೇಳುತ್ತದೆ, ಭಂಡಾರವು ಕೊಡುತ್ತದೆ. ಇವೆರಡರ ನಡುವಣ ದಾರಿಗೇ ಸಂಪರ್ಕವೆಂದು ಹೆಸರು.

ತಂತ್ರಾಂಶ ರಚನೆಗೆ ನೆಟ್‌ಬೀನ್ಸ್ ಎಂಬ ಉಚಿತ ಸಾಧನವೊಂದಿದೆ. ಅದರಲ್ಲಿ ‘ಸರ್ವೀಸಸ್’ ಎಂಬ ಕಿಟಕಿಯನ್ನು ತೆರೆದು, ‘ಡೇಟಾಬೇಸಸ್’ ಎಂಬುದರ ಕೆಳಗೆ ಹೊಸ ಸಂಪರ್ಕವನ್ನು ಆರಿಸಿಕೊಳ್ಳತಕ್ಕದ್ದು. ಆಗ ಸಾಧನವು ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ಮೊದಲನೆಯದು ಡ್ರೈವರ್, ಇದು ಇಬ್ಬರ ಮಾತನ್ನೂ ಬಲ್ಲ ದುಭಾಷಿಯಂತೆ. ಎರಡನೆಯದು, ಭಂಡಾರವು ಯಾವ ಯಂತ್ರದಲ್ಲಿದೆಯೆಂಬುದು. ತನ್ನ ಯಂತ್ರದಲ್ಲಿಯೇ ಇದ್ದರೆ ‘ಲೋಕಲ್‌ಹೋಸ್ಟ್’ ಎಂದು ಬರೆದರಾಯಿತು. ಮೂರನೆಯದು ಪೋರ್ಟ್, ಅಂದರೆ ಆ ಯಂತ್ರದ ಬಾಗಿಲ ಸಂಖ್ಯೆ; ವಾಡಿಕೆಯಲ್ಲಿ ಮೈಎಸ್‌ಕ್ಯುಎಲ್‌ಗೆ 3306, ಪೋಸ್ಟ್‌ಗ್ರೆಸ್‌ಕ್ಯುಎಲ್‌ಗೆ 5432. ಉಳಿದವು ಡೇಟಾಬೇಸಿನ ಹೆಸರು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್. ಎಲ್ಲವನ್ನೂ ತುಂಬಿ ಪರೀಕ್ಷೆಯ ಗುಂಡಿಯನ್ನು ಒತ್ತಿದರೆ, ಸಂಪರ್ಕವಾಯಿತೋ ಇಲ್ಲವೋ ತಿಳಿಯುತ್ತದೆ.

ಆಗದಿದ್ದರೆ ಧೈರ್ಯಗೆಡಬೇಕಾದುದಿಲ್ಲ. ಉತ್ತರವೇ ಬಾರದಿದ್ದರೆ ಭಂಡಾರವು ನಡೆಯುತ್ತಿಲ್ಲ, ಇಲ್ಲವೆ ಯಂತ್ರದ ವಿಳಾಸವೋ ಬಾಗಿಲ ಸಂಖ್ಯೆಯೋ ತಪ್ಪಿದೆ. ಪ್ರವೇಶವಿಲ್ಲವೆಂದರೆ ಹೆಸರನ್ನೂ ಪಾಸ್‌ವರ್ಡನ್ನೂ ನೋಡಬೇಕು. ಅಂತಹ ಡೇಟಾಬೇಸ್ ಇಲ್ಲವೆಂದರೆ ಅದರ ಹೆಸರಿನ ಅಕ್ಷರಗಳನ್ನು ತಿದ್ದಬೇಕು. ಕೆಲಸ ಮುಗಿದ ಬಳಿಕ ಸಂಪರ್ಕವನ್ನು ಮುಚ್ಚುವುದನ್ನು ಮರೆಯಬಾರದು. ಮೈಎಸ್‌ಕ್ಯುಎಲ್ ಮೊದಲಿನ ಏರ್ಪಾಡಿನಂತೆ ಏಕಕಾಲದಲ್ಲಿ 151 ಸಂಪರ್ಕಗಳಿಗೆ ಮಾತ್ರ ಎಡೆಗೊಡುತ್ತದೆ. ಮುಚ್ಚದೆ ಬಿಟ್ಟವು ಹೆಚ್ಚಿದಲ್ಲಿ, ಹೊಸದಾಗಿ ಬಂದವರು ಹೊರಗೇ ನಿಲ್ಲಬೇಕಾಗುವುದು.

ಇಷ್ಟನ್ನು ಯಾರೂ ಒಂದು ಗಂಟೆಯಲ್ಲಿ ಕಲಿಯಬಹುದು. ಕಲಿಯಲು ಹೆಚ್ಚು ಕಾಲ ಬೇಕಾಗುವುದು ಹೊಣೆಗಾರಿಕೆ. ಮೈಎಸ್‌ಕ್ಯುಎಲ್‌ನಲ್ಲಿ ‘ರೂಟ್’ ಎಂಬ ಹೆಸರಿಗೆ ಸಕಲಾಧಿಕಾರವೂ ಉಂಟು. ಸುಲಭವೆಂದು ಆ ಹೆಸರಿನಿಂದಲೇ ಸಂಪರ್ಕವನ್ನು ಮಾಡಿದರೆ, ಓದಬೇಕಾದ ತಂತ್ರಾಂಶವು ಅಳಿಸಲೂ ಶಕ್ತವಾಗುತ್ತದೆ. ಪಾಸ್‌ವರ್ಡನ್ನು ತಂತ್ರಾಂಶದ ಬರಹದೊಳಗೇ ಬರೆದಿಟ್ಟರೆ, ಆ ಬರಹವನ್ನು ನೋಡಿದವರೆಲ್ಲರಿಗೂ ಕಣಜದ ಬೀಗದ ಕೈಯನ್ನು ಕೊಟ್ಟಂತೆಯೇ ಸರಿ. ಆದುದರಿಂದ ಪಾಸ್‌ವರ್ಡನ್ನು ಬೇರೆಡೆ ಗುಪ್ತವಾಗಿಡತಕ್ಕದ್ದು. ಓದುವವರಿಗೆ ಓದುವ ಅಧಿಕಾರವನ್ನಷ್ಟೇ ಕೊಡತಕ್ಕದ್ದು. ಭೂಮಿ ಯೋಜನೆಯಲ್ಲಿ ಅಧಿಕಾರಿಗಳ ಬೆರಳಚ್ಚನ್ನು ಪರೀಕ್ಷಿಸುವ ಏರ್ಪಾಡನ್ನು ಮಾಡಿದುದೂ, ದಾಖಲೆಯನ್ನು ತಿದ್ದಿದವರಾರೆಂಬುದು ನಿಶ್ಚಯವಾಗಿ ತಿಳಿದಿರಲೆಂದೇ.

ಪಹಣಿಯಲ್ಲಿ ಒಂದು ಹೆಸರು ಅಳಿದರೆ ಅದು ಬರಿಯ ಅಕ್ಷರದೋಷವಲ್ಲ. ಬೆಳೆಸಾಲಕ್ಕಾಗಿ ಬ್ಯಾಂಕಿನ ಮುಂದೆ ನಿಂತ ರೈತನಿಗೆ, ಪತಿಯ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾದ ವಿಧವೆಗೆ, ಅದು ಅನ್ನದ ಪ್ರಶ್ನೆ. ನಮ್ಮ ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿಯಲೆಂದು ನಾವು ಬಯಸುತ್ತೇವೆ. ಬಾಗಿಲನ್ನು ತೆರೆಯುವ ಜಾಣ್ಮೆಯೊಡನೆ, ಅದನ್ನು ಕಾಯುವ ಎಚ್ಚರವೂ ಅವರಲ್ಲಿರಲೆಂದು ಅದಕ್ಕಿಂತಲೂ ಹೆಚ್ಚಾಗಿ ಬಯಸುತ್ತೇವೆ.