ಒಂದು ಫೋಟೊ, ಎಂಟು ಫೈಲು

ಮೊಬೈಲಿನಲ್ಲಿ ತೆಗೆದ ಮಾಮೂಲಿ ಫೋಟೊ ಒಂದನ್ನು ವರ್ಡ್‌ಪ್ರೆಸ್ ಜಾಲತಾಣಕ್ಕೆ ಅಪ್‌ಲೋಡ್ ಮಾಡಿ. ಅಗಲ 4000 ಪಿಕ್ಸೆಲ್, ಎತ್ತರ 3000. ಕೊಟ್ಟದ್ದು ಒಂದೇ ಫೈಲು. ಸರ್ವರ್‌ನಲ್ಲಿ ಬಂದು ಕೂರುವುದು ಎಂಟು! ಮೂಲ ಚಿತ್ರದ ಜೊತೆಗೆ 2560, 2048, 1536, 1024, 768 ಮತ್ತು 300 ಪಿಕ್ಸೆಲ್ ಅಗಲದ ಪ್ರತಿಗಳು, ಕೊನೆಗೆ 150ಕ್ಕೆ 150ರ ಚೌಕದ ಥಂಬ್‌ನೇಲ್. ಮೀಡಿಯಾ ಸೆಟ್ಟಿಂಗ್ಸ್ ಪುಟದಲ್ಲಿ ನಮಗೆ ಕಾಣುವುದು ಇವುಗಳಲ್ಲಿ ಮೂರೇ ಅಳತೆ. ಥೀಮ್ ತನ್ನದೇ ಅಳತೆಗಳನ್ನು ಸೇರಿಸಿದರೆ ಲೆಕ್ಕ ಇನ್ನೂ ಏರುತ್ತದೆ. ಸಾವಿರ ಫೋಟೊ ಹಾಕಿದರೆ ಕನಿಷ್ಠ ಎಂಟು ಸಾವಿರ ಫೈಲು.

ಜಾಗ ದಂಡವಲ್ಲವೇ? ಕೂಡಿಸಿ ನೋಡಿ. ಮೂಲ ಚಿತ್ರದಲ್ಲಿರುವುದು 1 ಕೋಟಿ 20 ಲಕ್ಷ ಪಿಕ್ಸೆಲ್. ಉಳಿದ ಏಳೂ ಪ್ರತಿಗಳನ್ನು ಒಟ್ಟು ಸೇರಿಸಿದರೆ ಸುಮಾರು 1 ಕೋಟಿ 11 ಲಕ್ಷ. ಏಳೂ ಸೇರಿದರೂ ಆ ಒಂದಕ್ಕೆ ಸಮನಾಗುವುದಿಲ್ಲ! ಅಗಲ ಅರ್ಧವಾದರೆ ಪಿಕ್ಸೆಲ್ ಕಾಲು ಭಾಗಕ್ಕೆ ಇಳಿಯುತ್ತದೆ, ಅಗಲ ಹತ್ತರಲ್ಲೊಂದಾದರೆ ನೂರರಲ್ಲೊಂದಕ್ಕೆ. ಹಾಗಾಗಿ 400 ಪಿಕ್ಸೆಲ್ ಅಗಲದ ಜಾಗಕ್ಕೆ ಮೂಲ ಚಿತ್ರವನ್ನೇ ಕಳಿಸುವುದೆಂದರೆ ಬೇಕಾದುದರ ನೂರು ಪಟ್ಟು ಕಳಿಸಿದಂತೆ. ಒತ್ತಾದ ಪಿಕ್ಸೆಲ್‌ಗಳ ಮೊಬೈಲ್ ಪರದೆಗೆ ಅದರ ಎರಡರಷ್ಟು ಅಗಲ ಬೇಕೆಂದುಕೊಂಡರೂ ಇಪ್ಪತ್ತೈದು ಪಟ್ಟು. ಅದರ ಡೇಟಾ ಖರ್ಚು ಓದುಗರ ತಲೆಗೆ. ಇದನ್ನು ನಾನು ಸಣ್ಣ ಅನ್ಯಾಯ ಎನ್ನಲಾರೆ.

ಇನ್ನೊಂದು ಲೆಕ್ಕ ಕಣ್ಣಿಗೆ ಬೀಳುವುದೇ ಇಲ್ಲ. ಡಿಸ್ಕಿನಲ್ಲಿ 3 ಎಂಬಿ ಇರುವ ಈ ಚಿತ್ರ ಮೊಬೈಲಿನಲ್ಲಿ ಪೂರ್ತಿ ಬಿಚ್ಚಿಕೊಂಡಾಗ, ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ, 48 ಎಂಬಿ ಮೆಮೊರಿ ಹಿಡಿಯುತ್ತದೆ. ಅಂಥ ಇಪ್ಪತ್ತು ಚಿತ್ರಗಳ ಗ್ಯಾಲರಿಗೆ 960 ಎಂಬಿ! ಕಡಿಮೆ ಬೆಲೆಯ ಫೋನ್ ಅಲ್ಲೇ ಏದುಸಿರು ಬಿಡುತ್ತದೆ.

ಅಷ್ಟು ದೊಡ್ಡದು 3 ಎಂಬಿಗೆ ಮಡಚಿಕೊಂಡದ್ದರ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆ. 1940ರಲ್ಲಿ ಇಲ್ಲಿ ಹುಟ್ಟಿ, ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆಗೂಡಿ 1974ರಲ್ಲಿ ಅವರು ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತದ ವಿಧಾನವೇ, ಫೋಟೊವನ್ನು ಹೀಗೆ ಮಡಚಿಡುವ ಜೆಪೆಗ್‌ನ ಜೀವಾಳ. ನಮ್ಮ ಫೋಟೊದ ಬೆಳಕಿನ ವಿವರವೊಂದೇ 8ಕ್ಕೆ 8ರ 1,87,500 ಚೌಕಗಳಾಗುತ್ತದೆ. ಚೌಕಕ್ಕೆ 64 ಸಂಖ್ಯೆ; ಕಣ್ಣು ಗಮನಿಸದ ವಿವರ ಬಿಟ್ಟಾಗ ಅವುಗಳಲ್ಲಿ ಬಹುಪಾಲು ಸೊನ್ನೆ. ಎಂಟು ಫೈಲುಗಳಲ್ಲೂ ಇದೇ ಕೆಲಸ ಮತ್ತೆ ಮತ್ತೆ.

2015ರ ಡಿಸೆಂಬರ್‌ನಲ್ಲಿ ಬಂದ 4.4ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಈ ಅಳತೆಗಳ ಪಟ್ಟಿಯನ್ನೇ ಬ್ರೌಸರ್‌ಗೆ ಕೊಡುತ್ತದೆ. ತನ್ನ ಪರದೆಗೆ ತಕ್ಕದ್ದನ್ನು ಅದು ಆರಿಸಿಕೊಳ್ಳುತ್ತದೆ. ಮೀಡಿಯಾ ಸೆಟ್ಟಿಂಗ್ಸ್ ಪುಟದಲ್ಲಿ ನಾವು ಮಾಡಬೇಕಾದದ್ದು ಇಷ್ಟೆ: ಬರಹದ ಅಂಕಣ ಎಷ್ಟು ಅಗಲವಿದೆಯೋ ನೋಡಿ ಅದಕ್ಕೆ ಹೊಂದುವ ಅಳತೆ ಕೊಡುವುದು, ಬೇಡದ ಅಳತೆಗೆ ಸೊನ್ನೆ ಬರೆಯುವುದು. ಹೊಸ ಅಂಕಿ ಮುಂದಿನ ಫೋಟೊಗಳಿಗಷ್ಟೇ ಅನ್ವಯ. ಹಳೆಯ ಸಾವಿರವನ್ನೂ ಸರ್ವರ್ ಮತ್ತೆ ಒಂದೊಂದಾಗಿ ಬಿಚ್ಚಿ ಕತ್ತರಿಸಬೇಕು.